ಎರಡು ತೊರೆಗಳ ನಡುವಿನ ಗುಡ್ಡದ ಮನೆಯಲ್ಲಿ ಕ್ಲಬ್ ವಾರಾಂತ್ಯ: 16 ಜನ, 2 ರಾತ್ರಿ

ಮಂಜುಮೊಟ್ಟೆ
ನಮ್ಮ ಚಾರಣ ಕ್ಲಬ್ಬಿನ 16 ಜನ ನವೆಂಬರಿನಲ್ಲಿ ಶುಕ್ರವಾರ ಹತ್ತಿ ಭಾನುವಾರ ಇಳಿಯುವ ಯೋಚನೆ. ಜಾಗ ಮಡಿಕೇರಿ ಹತ್ತಿರದ ಗಾಳಿಬೀಡಿನ ಆಚೆ, ಖಾಸಗಿ ಏಲಕ್ಕಿ ತೋಟದ ತಲೆಯಲ್ಲಿರುವ ಹಳೇ ಹಂಚಿನ ಮನೆ. ಜೀಪು ಹೋಗುವುದು ಕೆಳಗಿನ ಗೇಟಿನ ತನಕ. ಅಲ್ಲಿಂದ 4 ಕಿ.ಮೀ. ನಡಿಗೆ, 450 ಮೀಟರ್ ಏರು. ಮನೆ ಇರುವ ಎತ್ತರ ಸುಮಾರು 1400 ಮೀಟರ್. ಎಡಕ್ಕೊಂದು ತೊರೆ, ಬಲಕ್ಕೊಂದು ತೊರೆ, ಎರಡೂ ಕೆಳಗೆ ಕೂಡುತ್ತವೆ, ಬೆನ್ನಿಗೆ ಕಡಿದಾದ ಬಂಡೆ. ಜೋರು ಮಳೆ ಬಂದರೆ ಪೂರ್ತಿ ನಡುಗಡ್ಡೆ. ಕರೆಂಟಿಲ್ಲ, ಸಿಗ್ನಲ್ ಇಲ್ಲ. ಒಂದು ಸೋಲಾರ್ ಪ್ಯಾನೆಲ್, 12 ವೋಲ್ಟಿನ 40 ಆಂಪಿಯರ್-ಅವರ್ ಬ್ಯಾಟರಿ ಇದೆ. ಅರ್ಧ ಜನ ಬೆಂಗಳೂರಿನಿಂದ ಬರುವವರು. ಏನೇನು ಒಯ್ಯಬೇಕು, ಎಲ್ಲಿ ಎಡವಟ್ಟಾಗುತ್ತದೆ ಅಂತ ಗೊತ್ತಿದ್ದವರು ಹೇಳಿ.

ರೈನ್‌ಗೇಜ್
ಸಾಮಾನಿನ ಪಟ್ಟಿ ಆಮೇಲೆ ಮಾಡಿ. ಈ ಮನೆಯ ವಿಷಯದಲ್ಲಿ ಮೊದಲು ಲೆಕ್ಕ ಹಾಕಬೇಕಾದ್ದು ತೊರೆ. ಹತ್ತುವುದು, ಇಳಿಯುವುದು, ಎಷ್ಟು ಅಕ್ಕಿ ಬೇಕು ಅನ್ನುವುದು ಎಲ್ಲ ಅದರ ಮೇಲೇ ನಿಂತಿದೆ.

ನವೆಂಬರ್ ಅಂದರೆ ಮಳೆ ಮುಗಿಯಿತು ಅಂದುಕೊಳ್ಳಬೇಡಿ. ತುಲಾ ಸಂಕ್ರಮಣ ಕಳೆದ ಮೇಲೂ ಹಿಂಗಾರು ಇರುತ್ತದೆ. ಬೆಳಗ್ಗೆ ಚುರುಕು ಬಿಸಿಲು, ಮಧ್ಯಾಹ್ನ 2ರ ಮೇಲೆ ಮೋಡ ಕಟ್ಟಿ ಗುಡುಗು, ಸಂಜೆಗೆ ಒಂದು ಗಂಟೆಯ ಜಡಿಮಳೆ. ಹಾಗಾಗಿ ಎರಡೂ ದಿನ ತೊರೆ ದಾಟುವ ಕೆಲಸ ಮಧ್ಯಾಹ್ನ 12ರೊಳಗೆ ಮುಗಿಯಬೇಕು. ಬೆಂಗಳೂರಿನವರು ಶುಕ್ರವಾರ ಬೆಳಗ್ಗೆ ಹೊರಟು ಸಂಜೆಗೆ ಗೇಟು ಮುಟ್ಟುವ ಪ್ಲಾನ್ ಇದ್ದರೆ ಈಗಲೇ ಬದಲಿಸಿ. ಗುರುವಾರ ರಾತ್ರಿ ಮಡಿಕೇರಿಗೆ ಬಂದು ಮಲಗಲಿ.

ಹೊರಡುವ ದಿನ ಬೆಳಗ್ಗೆ ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಫೋನ್ ಮಾಡಿ ಹಿಂದಿನ 24 ಗಂಟೆಯ ಮಳೆ ಎಷ್ಟು ಇಂಚು ಅಂತ ಕೇಳಿ. ಹವಾಮಾನದ ಆ್ಯಪ್ ಹೇಳುವುದು ಜಿಲ್ಲೆಯ ಲೆಕ್ಕ. ರೈಟರ್ ಹೇಳುವುದು ಆ ಕಣಿವೆಯ ಲೆಕ್ಕ. ಅರ್ಧ ಇಂಚಿನೊಳಗಿದ್ದರೆ ಧೈರ್ಯವಾಗಿ ಹೋಗಿ. 2 ಇಂಚು ದಾಟಿದ್ದರೆ ಆ ದಿನ ಹತ್ತುವುದು ಬೇಡ. ನಡುವಿನದ್ದಾದರೆ ತೊರೆಯ ದಡದಲ್ಲಿ ನಿಂತು ನೋಡಿ ತೀರ್ಮಾನಿಸಿ.

ಲೋಗೇರ್
ತಾರೀಕು ನಿಗದಿ ಮಾಡುವಾಗ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ವಾರ ತಪ್ಪಿಸಿ. ಜೀಪೂ ಸಿಗಲ್ಲ, ಡ್ರೈವರೂ ಸಿಗಲ್ಲ, ತೋಟದಲ್ಲಿ ಆಳೂ ಇರಲ್ಲ. ಡಿಸೆಂಬರಿಗೆ ತಳ್ಳಿದರೆ ಅರೇಬಿಕಾ ಕಾಫಿ ಕೊಯ್ಲು ಹತ್ತಿಕೊಳ್ಳುತ್ತದೆ, ಆಗ ತೋಟದವರಿಗೆ ನಿಮ್ಮ ಕಡೆ ತಿರುಗಿ ನೋಡಲೂ ಪುರುಸೊತ್ತಿಲ್ಲ.

ಜೀಪು ಎರಡಲ್ಲ, ಮೂರು ಬೇಕು. ಸಾಮಾನು ಇದ್ದಾಗ ಒಂದರಲ್ಲಿ 6 ಜನ ಮಾತ್ರ. ಸ್ವಂತ ಕಾರು ಗೇಟಿನ ತನಕ ಒಯ್ಯುವ ಹಟ ಬೇಡ. ಕೊನೆಯ ತಿರುವುಗಳಲ್ಲಿ ಕೆಸರಿನ ಕೆಳಗೆ ಉಂಡೆಗಲ್ಲು, ಎರಡು ಚಕ್ರಕ್ಕೆ ಮಾತ್ರ ಎಳೆತ ಇರುವ ಗಾಡಿ ಅಲ್ಲೇ ಅಡ್ಡ ನಿಂತರೆ ಹಿಂದಿನ ಜೀಪಿಗೂ ದಾರಿ ಬಂದ್.

ಕಾಡುಹಾದಿ
ತೊರೆ ವಿಷಯ ಬಂತಲ್ಲ, 30 ಮೀಟರ್ ಹಗ್ಗ ಒಯ್ಯಿರಿ, ಎಲ್ಲರ ಸೊಂಟಕ್ಕೂ ಕಟ್ಟಿ ಸಾಲಾಗಿ ದಾಟಿಸಿ. ಸುರಕ್ಷಿತ.

ರೈನ್‌ಗೇಜ್
@ಕಾಡುಹಾದಿ, ಅದೊಂದನ್ನು ಮಾತ್ರ ಮಾಡಬೇಡಿ ಮಾರಾಯ್ರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನು ಜಾರಿದರೆ ಏನಾಗುತ್ತದೆ? ದಡದವರು ಹಗ್ಗ ಬಿಗಿ ಹಿಡಿಯುತ್ತಾರೆ, ನೀರು ಅವನನ್ನು ಕೆಳಗೆ ದೂಡುತ್ತದೆ, ಎರಡರ ಎಳೆತಕ್ಕೆ ತಲೆ ನೀರೊಳಗೆ ಹೋಗುತ್ತದೆ. ಎಷ್ಟು ಬಿಗಿ ಹಿಡಿದರೆ ಅಷ್ಟು ಆಳ. ಗಂಟು ಬಿಚ್ಚಲು ಆಗುವುದಿಲ್ಲ. ಸಾಲಾಗಿ ಕಟ್ಟಿಕೊಂಡಿದ್ದರೆ ಒಬ್ಬನ ಹಿಂದೆ ಮೂವರು.

ಹಗ್ಗ ಬೇಕೇಬೇಕು ಅಂದರೆ ಕೈಹಿಡಿಯಾಗಿ ಮಾತ್ರ. 10 ಅಥವಾ 11 ಮಿ.ಮೀ. ದಪ್ಪದ ಸ್ಟ್ಯಾಟಿಕ್ (ಎಳೆದರೆ ಹಿಗ್ಗದ) ಹಗ್ಗ. ಹಸಿರು ಪ್ಲಾಸ್ಟಿಕ್ ಹಗ್ಗ ಒದ್ದೆಯಾದರೆ ಕೈಯಲ್ಲಿ ನಿಲ್ಲುವುದಿಲ್ಲ, ಗಂಟೂ ಜಾರುತ್ತದೆ. ಹಗ್ಗವನ್ನು ತೊರೆಗೆ ನೇರ ಅಡ್ಡವಾಗಿ ಕಟ್ಟಬೇಡಿ. ಆಚೆ ದಡದ ಗಂಟು ಈಚೆಯದಕ್ಕಿಂತ ಕೆಳಹರಿವಿನಲ್ಲಿರಲಿ, ಓರೆಯಾಗಿ. ನೀರು ತಾನೇ ನಿಮ್ಮನ್ನು ಆಚೆ ದಡಕ್ಕೆ ಸಾಗಿಸುತ್ತದೆ. ದಾಟುವವರು ಹಗ್ಗದ ಕೆಳಹರಿವಿನ ಬದಿಯಲ್ಲಿ ನಿಂತು, ಮುಖ ನೀರು ಬರುವ ಕಡೆಗೆ ಮಾಡಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ಅಡ್ಡಡ್ಡ ಹೆಜ್ಜೆ ಇಡಬೇಕು. ಮೇಲಿನ ಬದಿಯಲ್ಲಿ ನಿಂತರೆ ಕಾಲು ತಪ್ಪಿದಾಗ ನೀರು ಅವರನ್ನು ಹಗ್ಗಕ್ಕೇ ಒತ್ತಿಹಿಡಿಯುತ್ತದೆ.

ಕಾಡುಹಾದಿ
ಸರಿ, ಒಪ್ಪಿದೆ. ಹಗ್ಗ ಇಲ್ಲದೆ ದಾಟಿಸುವುದು ಹೇಗೆ? 16 ಜನರಲ್ಲಿ ಅರ್ಧ ಹೊಸಬರು ಅನ್ನುತ್ತಿದ್ದಾರೆ.

ರೈನ್‌ಗೇಜ್
ಮೊದಲು ಜಾಗ ಆರಿಸಿ. ಇಕ್ಕಟ್ಟಾದ ಕಡೆ ದಾಟುವುದು ಸುಲಭ ಅನಿಸುತ್ತದೆ, ಅಲ್ಲೇ ನೀರು ಆಳ, ಅಲ್ಲೇ ಸೆಳೆತ. ಅಗಲವಾಗಿ ಹರಡಿ ಜುಳುಜುಳು ಅನ್ನುವ ಜಾಗ ಹುಡುಕಿ. ಅಲ್ಲಿಂದ ಕೆಳಗೆ 50 ಮೀಟರ್ ನಡೆದು ನೋಡಿ. ಅಬ್ಬಿ (ಜಲಪಾತ) ಇದೆಯೇ, ಬಿದ್ದ ಮರ ಅಡ್ಡ ಇದೆಯೇ? ಇದ್ದರೆ ಆ ಜಾಗ ಬಿಡಿ. ಬಿದ್ದ ಮರದ ಕೊಂಬೆಗಳ ನಡುವೆ ನೀರು ನುಸುಳುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಆಮೇಲೆ ಆಳ. ಮೊಣಕಾಲಿನ ತನಕ ಇದ್ದು ತಿಳಿ ಇದ್ದರೆ ದಾಟಬಹುದು. ಮೊಣಕಾಲು ಮೀರಿ ಜೋರಾಗಿದ್ದರೆ ಹೊಸಬರನ್ನು ಇಳಿಸಬೇಡಿ. ತೊಡೆಗೆ ಬಂದರೆ ಯಾರೂ ಇಳಿಯಬಾರದು. ನೀರು ಕೆಂಪಾಗಿದ್ದರೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ ಆಳ ಎಷ್ಟಿದ್ದರೂ ಬೇಡ.

ಮೂರು ಮೂರು ಜನ ಒಟ್ಟಿಗೆ ದಾಟಿ. ಗಟ್ಟಿ ಆಳು ಮೇಲ್ಹರಿವಿನಲ್ಲಿ, ಕೋಲು ಊರಿಕೊಂಡು. ಉಳಿದ ಇಬ್ಬರು ಅವನ ಹಿಂದೆ, ನೀರಿನ ಸಾಲಿನಲ್ಲೇ, ಮುಂದಿನವರ ಬ್ಯಾಗಿನ ಪಟ್ಟಿ ಹಿಡಿದು. ಮುಂದಿನವನು ನೀರನ್ನು ಸೀಳುತ್ತಾನೆ, ಹಿಂದಿನವರಿಗೆ ಸೆಳೆತ ಕಮ್ಮಿ. ಬ್ಯಾಗಿನ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿರಬೇಕು. ಬಿದ್ದರೆ ಬ್ಯಾಗು ಹೋಗಲಿ. ಶೂ ಬಿಚ್ಚಿ ಬರಿಗಾಲಲ್ಲಿ ಇಳಿಯಬೇಡಿ, ಪಾಚಿ ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಕಾಲೇ ಮುರಿಯುತ್ತದೆ. ಸಾಕ್ಸ್ ಬಿಚ್ಚಿ, ಶೂ ಹಾಕಿ, ಆಚೆ ಹೋಗಿ ಒಣ ಸಾಕ್ಸ್ ಹಾಕಿಕೊಳ್ಳಿ.

ಮನೆ ಮುಟ್ಟಿದ ಕೂಡಲೇ ಎರಡೂ ತೊರೆಯ ಅಂಚಿನಲ್ಲಿ ನೀರಿನ ಮಟ್ಟಕ್ಕೆ ಒಂದೊಂದು ಕೋಲು ನೆಟ್ಟು ಚಾಕುವಿನಿಂದ ಗೀರು ಹಾಕಿ. ಬೆಳಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ನೋಡಿ. ಗುಡ್ಡದ ತೊರೆ ಏರುವುದೂ ಬೇಗ, ಇಳಿಯುವುದೂ ಬೇಗ. ಮಳೆ ನಿಂತ ಮೇಲೆ ಮೂರು-ನಾಲ್ಕು ಗಂಟೆ ತಾಳಿದರೆ ಎಷ್ಟೋ ಸಲ ಮೊಣಕಾಲಿನ ಕೆಳಗೆ ಬಂದಿರುತ್ತದೆ. ಭಾನುವಾರ ಸಂಜೆ ಬೆಂಗಳೂರು ಬಸ್ಸು ಹಿಡಿಯುವ ಆತುರದಲ್ಲಿರುವವರಿಗೇ ತಾಳ್ಮೆ ಇರುವುದಿಲ್ಲ. ಅವರಿಗೆ ಸೋಮವಾರದ ಟಿಕೆಟ್ ಮಾಡಿಸಿ.

ಸೋಮವಾರಪೇಟೆ ಕಡೆಯವ
ಇದರ ಉಲ್ಟಾ ಲಕ್ಷಣವೂ ಗೊತ್ತಿರಲಿ. ಮಳೆ ಸುರಿಯುತ್ತಲೇ ಇದೆ, ತೊರೆ ಇದ್ದಕ್ಕಿದ್ದಂತೆ ಇಳಿಯಿತು ಅಂದರೆ ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ಕಟ್ಟಿದೆ. ಆ ಕಟ್ಟು ಒಡೆದಾಗ ಮಣ್ಣು, ಮರ, ಬಂಡೆ ಎಲ್ಲ ಒಟ್ಟಿಗೆ ಬರುತ್ತದೆ. "ನೀರು ಇಳಿಯಿತು, ಈಗ ದಾಟೋಣ" ಅನ್ನಬಾರದು, ತೊರೆಯಿಂದ ದೂರ, ಪಕ್ಕದ ದಿಣ್ಣೆಗೆ ಹತ್ತಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ನಮಗೆಲ್ಲ ಗೊತ್ತು. ನಿಮ್ಮ ಜಾಗವೂ ಅದೇ ಸಾಲಿನ ಮಣ್ಣು. ಮನೆಯ ಹಿಂದೆ ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ, ಹಿಂದೆ ಇಲ್ಲದ ಕಡೆ ಒರತೆ ಕಂಡರೆ ಆ ಮನೆಯಲ್ಲಿ ಮಲಗುವುದೇ ಬೇಡ.

ಕಡಂಬುಟ್ಟು
ಊಟಕ್ಕೆ ಬರುತ್ತೇನೆ. ಅಲ್ಲಿ ನಿಮಗೆ ಬೇಕಾದ್ದು ಶುಕ್ರವಾರ ರಾತ್ರಿ, ಶನಿವಾರ ಮೂರು ಹೊತ್ತು, ಭಾನುವಾರ ಬೆಳಗ್ಗೆ. ಅದರ ಮೇಲೆ ತೊರೆ ಕಟ್ಟಿಹಾಕುವ ಒಂದು ದಿನ. ಆ ದಿನದ ಸಾಮಾನು ಬೇರೆ ಡಬ್ಬದಲ್ಲಿ ಕಟ್ಟಿ, ಮೇಲೆ ಬರೆದು, ಒಬ್ಬರ ವಶಕ್ಕೆ ಕೊಡಿ: ಅಕ್ಕಿ 3 ಕೆ.ಜಿ., ಹೆಸರುಬೇಳೆ 1 ಕೆ.ಜಿ., ಅವಲಕ್ಕಿ 2 ಕೆ.ಜಿ., ಬೆಲ್ಲ 1 ಕೆ.ಜಿ., ಕಡಲೆಬೀಜ 1 ಕೆ.ಜಿ. ಶನಿವಾರ ರಾತ್ರಿ ಯಾರಾದರೂ "ಅವಲಕ್ಕಿ ಹುರಿಯೋಣ" ಅಂದರೆ ಕೊಡಬೇಡಿ.

ಅನ್ನಕ್ಕೆ ತಲಾ 110 ಗ್ರಾಂ ಅಕ್ಕಿ ಹಿಡಿಯಿರಿ, 16 ಜನಕ್ಕೆ ಹೊತ್ತಿಗೆ ಒಂದೂಮುಕ್ಕಾಲು ಕೆ.ಜಿ. ಬೇಳೆ ತಲಾ 40 ಗ್ರಾಂ. 1400 ಮೀಟರಿನಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯುವುದಿಲ್ಲ. 10 ಲೀಟರ್ ಕುಕ್ಕರ್ ಒಯ್ಯಿರಿ, ಇಲ್ಲವೇ ಹೆಸರುಬೇಳೆಗೆ ಇಳಿಯಿರಿ.

ಮೊದಲ ರಾತ್ರಿಗೆ ಪಂದಿ ಕರಿ ಮಡಿಕೇರಿಯಲ್ಲೇ ಮಾಡಿ ಒಯ್ಯಿರಿ. ತಿನ್ನುವವರು 16 ಜನವೂ ಆದರೆ 4 ಕೆ.ಜಿ. ಮಾಂಸ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) 4 ದೊಡ್ಡ ಚಮಚ, ನೀರು ಪೂರ್ತಿ ಬತ್ತಿಸಿ, ತನ್ನದೇ ಕೊಬ್ಬು ಮೇಲೆ ತೇಲಬೇಕು. ಹುಳಿ, ಕೊಬ್ಬು ಎರಡೂ ಕಾಯುತ್ತವೆ, ಸಂಜೆ ತನಕ ಏನೂ ಆಗುವುದಿಲ್ಲ. ಮೇಲೆ ಹೋಗಿ ಚೆನ್ನಾಗಿ ಕುದಿಸಿಯೇ ಬಡಿಸಿ. ಗ್ರೇವಿ ಉಳಿಸಿ ಒಯ್ದರೆ ಏರಿನಲ್ಲಿ ಚೆಲ್ಲುತ್ತದೆ, ಬ್ಯಾಗೆಲ್ಲ ಹಂದಿ ವಾಸನೆ. ಸಸ್ಯಾಹಾರಿಗಳಿಗೆ ಕಡಲೆ ಕರಿ, ಪಾತ್ರೆಯೂ ಸೌಟೂ ಬೇರೆ.

ಜೊತೆಗೆ ಕಡಂಬುಟ್ಟು. ತಲಾ 4 ಅಂದರೆ 64 ಉಂಡೆ, ಅದಕ್ಕೆ 1.6 ಕೆ.ಜಿ. ಅಕ್ಕಿ ತರಿ. ಊರಲ್ಲೇ ಜರಡಿ ಹಿಡಿದು ಹಿಟ್ಟು ತೆಗೆದುಬಿಡಿ, ಹಿಟ್ಟು ಉಳಿದರೆ ಉಂಡೆ ಅಂಟಂಟು. ಒಂದು ಅಳತೆ ತರಿಗೆ ಎರಡು ಅಳತೆ ನೀರು, ಉಪ್ಪು ಹಾಕಿ ಕುದಿ ಬಂದ ಮೇಲೆ ತರಿ ಸುರಿದು ಕೈಬಿಡದೆ ತಿರುವಿ. ನೀರು ಇಂಗಿದ ಮೇಲೆ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ. ತಣ್ಣಗಾದರೆ ಬಿರುಕು ಬಿಡುತ್ತದೆ. ಹಬೆಯಲ್ಲಿ 20 ನಿಮಿಷ. ಇಡ್ಲಿ ಪಾತ್ರೆ ಬೇಡ, ದೊಡ್ಡ ಪಾತ್ರೆಗೆ ಬಿದಿರಿನ ಜಾಲರಿ ಇಟ್ಟು ಒದ್ದೆ ಬಟ್ಟೆ ಹಾಸಿದರೆ 30 ಉಂಡೆ ಒಟ್ಟಿಗೆ ಕೂರುತ್ತವೆ.

ಮಂಜುಮೊಟ್ಟೆ
ಗ್ಯಾಸೋ ಸೌದೆಯೋ? ಮನೆಯ ಹಿಂದೆ ಬಂಡೆಯ ಬುಡದಲ್ಲಿ ಒಳ್ಳೇ ಸಮತಟ್ಟು ಜಾಗ ಇದೆ, ಕ್ಯಾಂಪ್‌ಫೈರ್ ಬೇಕೆಂದು ಎಲ್ಲರೂ ಹೇಳುತ್ತಿದ್ದಾರೆ.

ಕಾಡುಹಾದಿ
ಬಂಡೆಯ ಬುಡದಲ್ಲಂತೂ ಬೆಂಕಿ ಬೇಡ. ಮೇಲೆ ಹೆಜ್ಜೇನು ಕಟ್ಟಿದೆಯೇ ಅಂತ ಬೈನಾಕ್ಯುಲರ್ ಹಾಕಿ ನೋಡಿ. ಕಪ್ಪು ತಟ್ಟೆಯ ಹಾಗೆ ನೇತಾಡುತ್ತಿರುತ್ತದೆ. ಹೊಗೆ ಹೋದರೆ ಇಡೀ ಗೂಡು ಎದ್ದು ಬರುತ್ತದೆ, ಓಡಲು ನಿಮಗಿರುವುದು ಎರಡು ತೊರೆ ನಡುವಿನ ಒಂದಿಷ್ಟು ಜಾಗ. ಬಂಡೆ ಖಾಲಿ ಇದ್ದರೂ ಮುಂದಿನ ಅಂಗಳದಲ್ಲಿ, ಮಾಲೀಕರ ಒಪ್ಪಿಗೆ ಕೇಳಿ, ಸಣ್ಣದಾಗಿ ಹಾಕಿ. ನವೆಂಬರಿನ ಸೌದೆ ಹಸಿ ಇರುತ್ತದೆ, ಬೆಂಕಿಗಿಂತ ಹೊಗೆಯೇ ಜಾಸ್ತಿ.

ಕಡಂಬುಟ್ಟು
ಅಡುಗೆಗೆ ಗ್ಯಾಸೇ. 5 ಕೆ.ಜಿ. ಸಿಲಿಂಡರ್ ಒಂದು ಸಾಕು. ದೊಡ್ಡ ಬರ್ನರ್ ಗಂಟೆಗೆ ಸುಮಾರು 200 ಗ್ರಾಂ ತಿನ್ನುತ್ತದೆ, ಎರಡು ಬರ್ನರ್ ದಿನಕ್ಕೆ 3 ಗಂಟೆ ಉರಿದರೆ 1.2 ಕೆ.ಜಿ. ಎರಡು ದಿನ, ಮೇಲೊಂದು ದಿನ ಸೇರಿಸಿದರೂ 4 ಕೆ.ಜಿ. ಮುಟ್ಟುವುದಿಲ್ಲ. ಸ್ನಾನಕ್ಕೆ ಬಿಸಿನೀರು ಕೇಳುವವರು ಈ ಲೆಕ್ಕದಲ್ಲಿಲ್ಲ. ಸಿಲಿಂಡರಿನ ತೂಕ ಸೇರಿ 10 ಕೆ.ಜಿ. ಮೀರುತ್ತದೆ, ಬಿದಿರಿಗೆ ಕಟ್ಟಿ ಇಬ್ಬರು ಹೊರಲಿ. ವಾಷರ್ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ರೆಗ್ಯುಲೇಟರ್ ಆ ಸಿಲಿಂಡರಿಗೆ ಕೂರುತ್ತದೆಯೇ ಅಂತ ಊರಲ್ಲೇ ಹಾಕಿ ನೋಡಿ. 5 ಕೆ.ಜಿ.ಯದ್ದಕ್ಕೂ ಮನೆಯ ದೊಡ್ಡದಕ್ಕೂ ಎಲ್ಲ ಸಲ ಒಂದೇ ರೆಗ್ಯುಲೇಟರ್ ಆಗುವುದಿಲ್ಲ.

ಬೆಟ್ಟದ ನರ್ಸ್
ರಾತ್ರಿ ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಮುಚ್ಚಿ ಮಲಗುವುದು ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮೊದಲು ತಲೆನೋವು, ನಿದ್ದೆ, ಆಮೇಲೆ ಏಳುವುದಿಲ್ಲ. ಗ್ಯಾಸ್ ಒಲೆಯನ್ನು ಹೀಟರ್ ಮಾಡಿಕೊಂಡರೂ ಅದೇ ಕಥೆ.

ಇಂಬಳಕ್ಕೆ (ಕಾಡು ಜಿಗಣೆಗೆ): ನವೆಂಬರಿನಲ್ಲೂ ತೊರೆಯ ಅಂಚು, ಏಲಕ್ಕಿ ತೋಟದೊಳಗೆ ಇರುತ್ತವೆ. ಲೀಚ್ ಸಾಕ್ಸ್ ಮೊಣಕಾಲಿನ ತನಕ, ಪ್ಯಾಂಟು ಅದರೊಳಗೆ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಕಟ್ಟು, ಒದ್ದೆ ಮಾಡಿ ಶೂ ಮೇಲೆ ಒತ್ತುತ್ತಾ ನಡೆಯಿರಿ. ಕಚ್ಚಿದ್ದನ್ನು ಎಳೆಯಬೇಡಿ, ಸಪೂರ ತುದಿಯ ಬಾಯಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ, ಆಮೇಲೆ ದಪ್ಪ ತುದಿ ತಾನೇ ಬಿಡುತ್ತದೆ. ರಕ್ತ ಗಂಟೆಗಟ್ಟಲೆ ಜಿನುಗಿದರೂ ಗಾಬರಿ ಬೇಡ, ಸೋಪು ಹಾಕಿ ತೊಳೆದು ಹತ್ತಿ ಒತ್ತಿ ಪಟ್ಟಿ ಕಟ್ಟಿ. ತುರಿಕೆ ಕೆರೆದುಕೊಂಡೇ ಹುಣ್ಣಾಗುವುದು.

ಹಾವು: ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ತೆಗೆದು, ಕಡಿದ ಕೈಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಅಲುಗಾಡದಂತೆ ಪಟ್ಟಿ ಕಟ್ಟಿ, ನಡೆಸದೆ ಹೊತ್ತು ಇಳಿಸಿ. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಮಲಬಾರ್ ಪಿಟ್ ವೈಪರಿಗೆ ಅದರಲ್ಲಿ ಮದ್ದಿಲ್ಲ. ಹಾಗಂತ ಹಾವನ್ನು ಹಿಡಿದು ತರಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು. ನೇರ ಮಡಿಕೇರಿ ಜಿಲ್ಲಾಸ್ಪತ್ರೆಗೆ ಹೋಗಿ, ದಾರಿಯಲ್ಲಿ ನಾಟಿ ಮದ್ದಿಗೆ ನಿಲ್ಲಬೇಡಿ.

ಹೊರುವುದಕ್ಕೆ ಎರಡು ಗಟ್ಟಿ ಬಿದಿರು, ಎರಡು ಕಂಬಳಿ ಮನೆಯಲ್ಲಿ ಇರುವಂತೆ ನೋಡಿಕೊಳ್ಳಿ. ಒಮ್ಮೆಗೆ 6 ಜನ ಹೊರಬೇಕು, ಹತ್ತು ನಿಮಿಷಕ್ಕೊಮ್ಮೆ ಬದಲಿಸಬೇಕು. 4 ಕಿ.ಮೀ. ಇಳಿಜಾರಿಗೆ 4 ಗಂಟೆಯಾದರೂ ಬೇಕು, ತೊರೆ ದಾಟುವ ಸಮಯ ಬೇರೆ. ಶನಿವಾರ ಗುಂಪು ಒಡೆದು ಹತ್ತು ಜನ ಶಿಖರಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ಆರೇ ಜನ, ಹೊರಲು ಸಾಲುವುದಿಲ್ಲ ಅನ್ನುವುದು ನೆನಪಿರಲಿ.

ಲೋಗೇರ್
ಶಿಖರ ಅಂದಿರಿ. ತೋಟದ ಬೇಲಿ ದಾಟಿದರೆ ಅರಣ್ಯ, ಇಲಾಖೆಯ ಅನುಮತಿ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಬಂದಿದೆ. ನಿಮ್ಮ ಗುಡ್ಡ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೇ ಕೇಳಿ. ಮಾಲೀಕರ ಮಾತು ನಂಬಿ "ನಮ್ಮದೇ ಗುಡ್ಡ" ಅಂತ ಹತ್ತಬೇಡಿ. ಇನ್ನೊಂದು, ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ ಅಂತ ಯಾರಾದರೂ ಜೊತೆಗೆ ತರಲು ಹೊರಟರೆ ಮನೆಯಲ್ಲೇ ಇಡಿಸಿ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ತಂತಿ
ಬ್ಯಾಟರಿ ಲೆಕ್ಕ ಯಾರೂ ಹಾಕಿಲ್ಲ. 12 ವೋಲ್ಟ್ × 40 = 480 ವಾಟ್-ಅವರ್. ಲೆಡ್ ಆ್ಯಸಿಡ್ ಆದ್ದರಿಂದ ಅರ್ಧ ಮಾತ್ರ ಬಳಸಬೇಕು, 240. ನಾಲ್ಕು 5 ವಾಟಿನ ಎಲ್‌ಇಡಿ 5 ಗಂಟೆ ಉರಿದರೆ ರಾತ್ರಿಗೆ 100. ಬಿಸಿಲೇ ಬರದಿದ್ದರೂ ಎರಡು ರಾತ್ರಿ ದಾಟುತ್ತದೆ. ಅದೇ 16 ಜನ ಒಂದೊಂದು ಫೋನ್ ಚಾರ್ಜಿಗೆ ಹಾಕಿದರೆ ತಲಾ 15ರಂತೆ 240 ಖಾಲಿ, ಅಲ್ಲಿಗೆ ಕತ್ತಲೆ. ಸಿಗ್ನಲ್ ಇಲ್ಲದ ಕಡೆ ಫೋನ್ ಸುಮ್ಮನೆ ಟವರ್ ಹುಡುಕಿ ಬ್ಯಾಟರಿ ತಿನ್ನುತ್ತದೆ, ಏರೋಪ್ಲೇನ್ ಮೋಡಿಗೆ ಹಾಕಿ. ಪವರ್ ಬ್ಯಾಂಕ್ ಅವರವರೇ ತರಲಿ. ಇನ್ವರ್ಟರ್ ಇದ್ದರೆ ಆಫ್ ಮಾಡಿಡಿ, ಏನೂ ಹಾಕದಿದ್ದರೂ ಎಳೆಯುತ್ತಿರುತ್ತದೆ. ಟರ್ಮಿನಲ್ಲಿನಲ್ಲಿ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು, ಅಡುಗೆ ಸೋಡಾದಲ್ಲಿ ಉಜ್ಜಿ, ಒರೆಸಿ, ವ್ಯಾಸಲೀನ್ ಸವರಿ.

ಮಂಜುಮೊಟ್ಟೆ
ಸಂಪರ್ಕಕ್ಕೆ ಒಬ್ಬರು ಸ್ಯಾಟಲೈಟ್ ಮೆಸೆಂಜರ್ ತರುತ್ತೇನೆ ಅನ್ನುತ್ತಿದ್ದಾರೆ.

ತಂತಿ
ಪರವಾನಗಿ ಇಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ವಿದೇಶಿಯರನ್ನು ತಡೆದು ನಿಲ್ಲಿಸಿದ ಉದಾಹರಣೆಗಳಿವೆ. ಅದರ ಬದಲು ಕೆಳಗೆ ಒಬ್ಬರನ್ನು ಗೊತ್ತು ಮಾಡಿ. 16 ಜನರ ಹೆಸರು, ಮನೆಯವರ ಫೋನ್ ನಂಬರ್, ದಾರಿ ಬರೆದ ಹಾಳೆ ಅವರ ಕೈಯಲ್ಲಿರಲಿ. ಭಾನುವಾರ ಸಂಜೆ 6ಕ್ಕೆ ಫೋನ್ ಬರದಿದ್ದರೆ ರೈಟರನ್ನು ಕೇಳಬೇಕು. ತೊರೆ ಏರಿದ್ದು ಗೊತ್ತಾದರೆ ಸೋಮವಾರ ಮಧ್ಯಾಹ್ನದ ತನಕ ಕಾಯಬೇಕು, ತೊರೆ ಇಳಿದಿದ್ದೂ ಸುದ್ದಿ ಇಲ್ಲ ಅಂದರೆ 112. ಮೇಲಿರುವವರಿಗೆ ಎಲ್ಲರಿಗೂ ಒಂದೊಂದು ಸೀಟಿ. ನಿಮಿಷಕ್ಕೆ ಆರು ಸಲ ಊದಿದರೆ ಸಹಾಯ ಬೇಕು, ನಿಮಿಷಕ್ಕೆ ಮೂರು ಸಲ ಅಂದರೆ ಕೇಳಿಸಿತು.

ರೈನ್‌ಗೇಜ್
ಆ ಸೋಮವಾರ ಮಧ್ಯಾಹ್ನದ ಮಾತು 16 ಮನೆಯವರಿಗೂ ಮೊದಲೇ ತಿಳಿಸಿರಬೇಕು. ಇಲ್ಲವಾದರೆ ಭಾನುವಾರ ರಾತ್ರಿಯೇ ಯಾರೋ ಟಾರ್ಚ್ ಹಿಡಿದು ಹುಡುಕಲು ಹೊರಟು, ತುಂಬಿದ ತೊರೆಗೆ ಕೆಳಗಿನಿಂದ ಇಳಿಯುತ್ತಾರೆ.

ಹಂಚುಮಾಡು
ಮಾಡಿನ (ಸೂರಿನ) ಬಗ್ಗೆ ಒಂದೇ ಮಾತು. ಮಂಗಳೂರು ಹಂಚು ಸೋರಿದರೆ ಒಡೆದದ್ದನ್ನೇ ಹುಡುಕಬೇಡಿ, ಹೆಚ್ಚಿನ ಸಲ ಹಂಚಿನ ಕಾಲುವೆಯಲ್ಲಿ ಎಲೆ, ಪಾಚಿ ಕಟ್ಟಿ ನೀರು ಪಕ್ಕಕ್ಕೆ ಹಾರುತ್ತದೆ. ಒಳಗಿನಿಂದಲೇ ಮೇಲಿನ ಸಾಲಿನ ಹಂಚು ಸ್ವಲ್ಪ ಎತ್ತಿ, ಸೋರುವ ಹಂಚನ್ನು ಜಾರಿಸಿ ತೆಗೆದು, ಗೀಚಿ ತೊಳೆದು ವಾಪಸ್ ಕೂರಿಸಿ. ಒಡೆದೇ ಇದ್ದರೆ ತಗಡಿನ ತುಂಡೊಂದರ ಮೇಲಂಚು ಮೇಲಿನ ಹಂಚಿನಡಿ, ಕೆಳಅಂಚು ಕೆಳಗಿನ ಹಂಚಿನ ಮೇಲೆ ಬರುವಂತೆ ತೂರಿಸಿ. ಮಾಡಿನ ಮೇಲೆ ಹತ್ತಬೇಡಿ, ಹಂಚು ಹೊತ್ತ ಮರದ ಪಕಾಸಿ ಹಳೆಯದು.

ಮಂಜುಮೊಟ್ಟೆ
ತಗಡು, ಸೀಟಿ, ವಾಷರ್ ಪಟ್ಟಿಗೆ ಸೇರಿತು. ಕುಡಿಯುವ ನೀರು ತೊರೆಯದ್ದೇ ಆಗಬಹುದಾ?

ಬೆಟ್ಟದ ನರ್ಸ್
ಒರತೆ ಇದ್ದರೆ ಒರತೆಯದ್ದು, ಇಲ್ಲದಿದ್ದರೆ ಮನೆಯಿಂದ ಮೇಲಿನ ತೊರೆಯದ್ದು. ಎರಡನ್ನೂ ಬಟ್ಟೆಯಲ್ಲಿ ಸೋಸಿ, ಉಕ್ಕಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ ತಲಾ 5 ಲೀಟರ್, ಅಂದರೆ 80 ಲೀಟರ್. 20 ಲೀಟರಿನ ನಾಲ್ಕು ಕ್ಯಾನ್ ಸಂಜೆಯೇ ತುಂಬಿಸಿಡಿ, ರಾತ್ರಿ ಮಳೆ ಬಂದರೆ ಬೆಳಗ್ಗೆ ತೊರೆ ಪೂರ್ತಿ ಕೆಂಪು ನೀರು. ಕಕ್ಕಸು ಗುಂಡಿ ತೊರೆಯಿಂದ 60 ಮೀಟರ್ ಆಚೆ ಇರಬೇಕು. ನಿಮ್ಮ ಜಾಗದಲ್ಲಿ ಎರಡು ತೊರೆಗಳ ನಡುವೆ ಅಷ್ಟು ಅಗಲ ಎಲ್ಲಿದೆ ಅಂತ ಹೋದ ಕೂಡಲೇ ಹೆಜ್ಜೆ ಹಾಕಿ ಅಳೆಯಿರಿ. ಇಲಿ ಓಡಾಡುವ ಮನೆ, ಪಾತ್ರೆ ಬಳಸುವ ಮುಂಚೆಯೂ ತೊಳೆಯಬೇಕು. ಕಾಲಲ್ಲಿ ಗಾಯ ಇದ್ದವರು ಕೆಸರಲ್ಲಿ ಬರಿಗಾಲಲ್ಲಿ ತಿರುಗಬಾರದು, ಇಲಿ ಜ್ವರ ಬರುವುದು ಆ ದಾರಿಯಲ್ಲೇ. ಇಳಿದ ಎರಡು ಮೂರು ವಾರದೊಳಗೆ ಯಾರಿಗಾದರೂ ಜ್ವರ, ಮೀನಖಂಡದ ನೋವು ಬಂದರೆ ಗುಡ್ಡದ ಮನೆಯಲ್ಲಿ ಇದ್ದದ್ದನ್ನು ಡಾಕ್ಟರಿಗೆ ಹೇಳಲಿ.

ಲೋಗೇರ್
ವಾಪಸ್ ಜೀಪು 11ಕ್ಕೆ ಗೇಟಿನಲ್ಲಿ ಇರಲಿ ಅಂತ ಹೇಳಿ, 4ಕ್ಕೆ ಅಲ್ಲ. ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆ ಇಳಿಯುತ್ತದೆ, ಯಾವ ಡ್ರೈವರೂ ಕಾಯುವುದಿಲ್ಲ. ತೊರೆ ಏರಿದ್ದರೆ ಅವತ್ತಿನ ಬಾಡಿಗೆ ಕೊಟ್ಟು ವಾಪಸ್ ಕಳಿಸುವುದಾಗಿ ಮೊದಲೇ ಮಾತಾಡಿಕೊಳ್ಳಿ, ದುಡ್ಡು ಕೆಳಗಿನ ಆ ಒಬ್ಬರ ಕೈಯಲ್ಲೇ ಇಟ್ಟಿರಿ.